ಶುದ್ಧ ಇಂಧನಕ್ಕೆ ಸುರಿದ ಹಣ ಒಳ್ಳೆಯ ಕೆಲಸ ಆಗೋದು ಎಲ್ಲಿ, ಸೋರಿಹೋಗೋದು ಎಲ್ಲಿ?

ಗ್ರಿಡ್‌ಗಣಿತ

ಸೌರ ಪಾರ್ಕ್ ಇರಲಿ, ಗಾಳಿ ಯೋಜನೆ ಇರಲಿ, ಘೋಷಣೆಯ ಬೆನ್ನಿಗೇ ‘ಇಷ್ಟು ಸಾವಿರ ಉದ್ಯೋಗ’ ಅನ್ನುವ ಸಂಖ್ಯೆಯೂ ಬಂದೇ ಬರುತ್ತದೆ. ಆ ಸಂಖ್ಯೆ ಎಲ್ಲಿಂದ ಹುಟ್ಟುತ್ತದೆ, ಅದರಲ್ಲಿ ನಿಲ್ಲುವ ಕೆಲಸ ಎಷ್ಟು, ಮೂರು ತಿಂಗಳ ಕೂಲಿ ಎಷ್ಟು ಅಂತ ಬಿಡಿಸಿ ನೋಡೋಣ ಅಂತ ಈ ಚರ್ಚೆ.

ಬಹುತೇಕ ವರದಿಗಳು ಎಣಿಸುವುದು ಉದ್ಯೋಗ-ವರ್ಷದಲ್ಲಿ: ಒಬ್ಬರಿಗೆ ಒಂದು ವರ್ಷದ ಪೂರ್ಣಾವಧಿ ಕೆಲಸ. 500 ಜನ ಒಂದೇ ವರ್ಷ ದುಡಿದು ಹೊರಟುಹೋದರೂ 500 ಉದ್ಯೋಗ-ವರ್ಷ, 20 ಜನ 25 ವರ್ಷ ದುಡಿದರೂ 500. ಪತ್ರಿಕೆಗೆ ಹೋಗುವಾಗ ‘ವರ್ಷ’ ಉದುರಿ ‘500 ಉದ್ಯೋಗ’ ಮಾತ್ರ ಉಳಿಯುತ್ತದೆ. ಯಾವುದೇ ಸಂಖ್ಯೆ ಕಂಡಾಗ ಮೂರು ವಿಷಯ ಕೇಳಿ: ನಿರ್ಮಾಣದ್ದೋ ನಿರ್ವಹಣೆಯದ್ದೋ, ನೇರ ಕೆಲಸವೋ ಪೂರೈಕೆದಾರರನ್ನೂ ಸೇರಿಸಿದ್ದೋ, ಕಾರ್ಮಿಕರ ಊಟ-ವಸತಿಯ ಖರ್ಚಿನಿಂದ ಹುಟ್ಟುವ ಅಂಗಡಿ-ಹೋಟೆಲಿನ ಕೆಲಸವನ್ನೂ ಒಳಗೆ ತಂದಿದ್ದಾರೋ.

ಐರೀನಾ, ಅಂದರೆ ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ಜಗತ್ತಿನಾದ್ಯಂತ ನವೀಕರಿಸಬಹುದಾದ ಇಂಧನದಲ್ಲಿ 1.62 ಕೋಟಿ ಉದ್ಯೋಗ ಇತ್ತು. ಹಿಂದಿನ ವರ್ಷ 1.37 ಕೋಟಿ. ಅದರಲ್ಲಿ ಸೌರ ಪ್ಯಾನೆಲ್ ವಲಯದ್ದೇ ಸುಮಾರು 72 ಲಕ್ಷ. ಒಟ್ಟಿನಲ್ಲಿ ಚೀನಾದ ಪಾಲು 46%. ತಯಾರಿಕೆಯೂ ಅಲ್ಲೇ, ಅತಿ ಹೆಚ್ಚು ಅಳವಡಿಕೆಯೂ ಅಲ್ಲೇ ಅನ್ನುವುದು ಇದಕ್ಕೆ ಕಾರಣ. ಹಣ ಹೂಡಿದವರೆಲ್ಲರಿಗೂ ಕೆಲಸ ಸಮನಾಗಿ ಬರುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಡಿಸಿ_ಬದಿ

ಸೌರದ ನಿರ್ಮಾಣ ಭಾಗ ನೋಡೋಣ. 100 ಮೆಗಾವ್ಯಾಟ್ ಸ್ಥಾವರಕ್ಕೆ 550 ವ್ಯಾಟ್ ಪ್ಯಾನೆಲ್ ಹಾಕಿದರೆ ಸುಮಾರು 1,81,800 ಪ್ಯಾನೆಲ್ ಬೇಕು. ಒಂದು ಸಾಲಿನಲ್ಲಿ ಅಕ್ಕಪಕ್ಕದ ಪ್ಯಾನೆಲ್‌ಗಳು ನಡುವಿನ ಕ್ಲ್ಯಾಂಪ್ ಹಂಚಿಕೊಳ್ಳುವುದರಿಂದ ಪ್ಯಾನೆಲ್‌ಗೆ ಎರಡಕ್ಕಿಂತ ಸ್ವಲ್ಪ ಹೆಚ್ಚು ಕ್ಲ್ಯಾಂಪ್ ಲೆಕ್ಕ, ಅಂದರೆ 3.6 ಲಕ್ಷ ದಾಟಿದ ಬೋಲ್ಟ್‌ಗಳು. ಪ್ರತಿ ಬೋಲ್ಟ್‌ಗೆ ಟಾರ್ಕ್ ರೆಂಚ್ ಇಟ್ಟು, ಬಿಗಿದು, ಮಾರ್ಕರ್ ಗೆರೆ ಎಳೆಯುವುದಕ್ಕೆ 20 ಸೆಕೆಂಡ್ ಹಿಡಿಯಿರಿ: 2,000 ಗಂಟೆ. ಹತ್ತು ಜನರಿಗೆ 25 ದಿನದ ಕೆಲಸ ಅಷ್ಟೇ. ಇಡೀ ಯೋಜನೆಯ ಮೊತ್ತದೆದುರು ಈ ಕೂಲಿ ಲೆಕ್ಕಕ್ಕೇ ಬರುವುದಿಲ್ಲ. ಆದರೂ ಮೊದಲು ಕತ್ತರಿ ಬೀಳುವುದು ಇಲ್ಲಿಗೇ, ಯಾಕೆಂದರೆ ಉಪಗುತ್ತಿಗೆದಾರನಿಗೆ ದುಡ್ಡು ಸಿಗುವುದು ‘ಇಷ್ಟು ಪ್ಯಾನೆಲ್ ಏರಿಸಿದರೆ ಇಷ್ಟು’ ಅಂತ. ಅವನು ಇಂಪ್ಯಾಕ್ಟ್ ಡ್ರೈವರ್‌ನಲ್ಲಿ ಟರ್ರ್ ಅನ್ನಿಸಿ ಮುಂದಕ್ಕೆ ಹೋಗುತ್ತಾನೆ. ಅತಿಯಾಗಿ ಬಿಗಿದರೆ ಚೌಕಟ್ಟು ಬಾಗಿ ಗಾಜಿಗೆ ಒತ್ತಡ, ಸಡಿಲವಾದರೆ ಬಿರುಗಾಳಿಯಲ್ಲಿ ಪ್ಯಾನೆಲ್ ಹಾರುತ್ತದೆ.

ಇನ್ನೂ ದುಬಾರಿ ತಪ್ಪು ಕನೆಕ್ಟರ್‌ನದ್ದು. ಪ್ಯಾನೆಲ್ ತಂತಿಗಳನ್ನು ಸೇರಿಸುವ ಎಂಸಿ4 ಮಾದರಿಯದು ಅಂತ ಬೇರೆ ಬೇರೆ ಕಂಪನಿಯ ಗಂಡು-ಹೆಣ್ಣು ಕನೆಕ್ಟರ್‌ಗಳನ್ನು ಜೋಡಿಸಿದರೆ ಕೈಗೆ ಸರಿಯಾಗಿ ಕೂತಂತೆಯೇ ಅನ್ನಿಸುತ್ತದೆ. ಒಳಗಿನ ಲೋಹದ ಅಳತೆ, ಲೇಪನ, ಸ್ಪ್ರಿಂಗ್ ಬಿಗಿ ಬೇರೆಬೇರೆ. ಬಿಸಿಲು-ತಂಪಿನ ಸುತ್ತುಗಳಲ್ಲಿ ಸಂಪರ್ಕ ಸಡಿಲಾಗಿ, ಪ್ರತಿರೋಧ ಏರಿ, ಪ್ಲಾಸ್ಟಿಕ್ ಕರಗುತ್ತದೆ. ಡಿಸಿ ಕರೆಂಟಿಗೆ ಎಸಿಯ ಹಾಗೆ ಪದೇ ಪದೇ ಸೊನ್ನೆಗೆ ಬರುವ ಗುಣ ಇಲ್ಲ, ಹಾಗಾಗಿ ಕಿಡಿ ಹೊತ್ತಿದರೆ ತಾನಾಗಿ ಆರುವುದು ಕಷ್ಟ. 6 ಚದರ ಮಿ.ಮೀ. ಕೇಬಲನ್ನು 4ರ ಅಚ್ಚಿನಲ್ಲಿ ಕ್ರಿಂಪ್ ಮಾಡುವುದು, ಅಂದರೆ ಲೋಹದ ತುದಿಯನ್ನು ತಂತಿಗೆ ಒತ್ತಿ ಕೂರಿಸುವುದು, ಕಟಿಂಗ್ ಪ್ಲೇಯರ್‌ನಲ್ಲೇ ಒತ್ತಿಬಿಡುವುದು, ಹಿಂದಿನ ನಟ್ ಪೂರ್ತಿ ತಿರುಗಿಸದೆ ಬಿಡುವುದು, ಕೊನೆಗೆ ಸುಡುವುದೆಲ್ಲ ಇವೇ.

ವಿನ್ಯಾಸದ ಮಟ್ಟದಲ್ಲೂ ನುರಿತವರು ಬೇಕು. 49.9 ವೋಲ್ಟ್‌ನ 28 ಪ್ಯಾನೆಲ್ ಸರಣಿ ಕಟ್ಟಿದರೆ 25 ಡಿಗ್ರಿಯಲ್ಲಿ 1,397 ವೋಲ್ಟ್, 1,500 ವೋಲ್ಟ್ ಮಿತಿಯೊಳಗೆ ಆರಾಮ. ತಾಪಮಾನ ಒಂದೊಂದು ಡಿಗ್ರಿ ಇಳಿದಾಗಲೂ ವೋಲ್ಟೇಜ್ 0.27% ಏರುವ ಪ್ಯಾನೆಲ್ ಆದರೆ ಸೊನ್ನೆ ಡಿಗ್ರಿಯಲ್ಲಿ ಅದೇ ಸರಣಿ 1,491. ಮೈನಸ್ 5ಕ್ಕೆ ಇಳಿದರೆ 1,510, ಇನ್ವರ್ಟರ್‌ಗೆ ಅಪಾಯ. ಚಳಿಗಾಲದ ಕನಿಷ್ಠ ತಾಪಮಾನ ನೋಡದೆ ಬೇಸಿಗೆಯಲ್ಲಿ ಡ್ರಾಯಿಂಗ್ ಮಾಡಿದವರಿಗೆ ಇದು ಕಾಣುವುದಿಲ್ಲ.

ಸಂದೇಹಿ

ಇದೆಲ್ಲ ಗುಣಮಟ್ಟದ ಮಾತಾಯ್ತು. ಉದ್ಯೋಗದ ಪ್ರಶ್ನೆ ಎಲ್ಲಿ ಬಂತು?

ಡಿಸಿ_ಬದಿ

ಎರಡೂ ಒಂದೇ ಪ್ರಶ್ನೆ ಅನ್ನುವುದು ನನ್ನ ವಾದ. ಮೇಲಿನ ಸ್ಥಾವರದಲ್ಲಿ ಸುಮಾರು 6,490 ಸರಣಿ ಇರುತ್ತವೆ. ಸೌರ ಸ್ಥಾವರದ ಪರೀಕ್ಷೆಗಿರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 62446-1 ಪ್ರಕಾರ ಅರ್ತಿಂಗ್ ನಿರಂತರತೆ, ಧ್ರುವ, ತೆರೆದ ಸರ್ಕ್ಯೂಟ್ ವೋಲ್ಟೇಜ್, ಕರೆಂಟ್, ಇನ್ಸುಲೇಶನ್ ಇಷ್ಟನ್ನೂ ಅಳೆದು ದಾಖಲಿಸಬೇಕು. ವೋಲ್ಟೇಜ್ ಬದಲಾದಂತೆ ಕರೆಂಟ್ ಹೇಗೆ ಬದಲಾಗುತ್ತದೆ ಅಂತ ತೋರಿಸುವ ಐವಿ ಕರ್ವ್ ಒಂದಕ್ಕೇ ಸರಣಿಗೆ 3 ನಿಮಿಷ ಅಂದರೆ 325 ಗಂಟೆ, ಇಬ್ಬರ ತಂಡಕ್ಕೆ 40 ದಿನದ ಕುಶಲ ಕೆಲಸ. ಟೆಂಡರ್ ‘ಶೇ. 5 ಮಾದರಿ ಪರೀಕ್ಷೆ ಸಾಕು’ ಅಂದರೆ ಆ ಕೆಲಸ ಎರಡು ದಿನಕ್ಕೆ ಇಳಿಯಿತು. ಪರೀಕ್ಷೆ ಕಡ್ಡಾಯವಾದಲ್ಲಿ ಮಾತ್ರ ಪರೀಕ್ಷಕರ ಹುದ್ದೆ ಹುಟ್ಟುತ್ತದೆ. ಇನ್ಸುಲೇಶನ್ ಪರೀಕ್ಷೆಯನ್ನು ಒಣ ಮಧ್ಯಾಹ್ನದಲ್ಲಿ ಮಾತ್ರ ಮಾಡಿ ಪಾಸ್ ಅನ್ನಿಸಿಕೊಂಡ ಸ್ಥಾವರಗಳಲ್ಲೇ ಮುಂದೆ ಇಬ್ಬನಿ ಬಿದ್ದ ಬೆಳಗ್ಗೆ ಇನ್ವರ್ಟರ್‌ಗಳು ಸಾಲಾಗಿ ಟ್ರಿಪ್ ಆಗುವುದು.

ಟೆಂಡರ್_ಓದುಗ

ಡಿಸಿ_ಬದಿ ಹೇಳಿದ್ದಕ್ಕೆ ಕಾಗದದ ಕಡೆಯಿಂದ ಸೇರಿಸುತ್ತೇನೆ. ಹೂಡಿಕೆಗೆ ಕೊಡುವ ರಿಯಾಯಿತಿಗೆ ಷರತ್ತು ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಸ್ಪಷ್ಟ ಮಾದರಿ ಅಮೆರಿಕದ 2022ರ ಇನ್‌ಫ್ಲೇಶನ್ ರಿಡಕ್ಷನ್ ಆ್ಯಕ್ಟ್. ಅದರಲ್ಲಿ ಹೂಡಿಕೆಯ ತೆರಿಗೆ ರಿಯಾಯಿತಿ ಮೂಲದಲ್ಲಿ 6% ಮಾತ್ರ. ಆ ಪ್ರದೇಶದ ಪ್ರಚಲಿತ ಕೂಲಿ ಕೊಟ್ಟು, ಅಪ್ರೆಂಟಿಸ್‌ಗಳನ್ನು ದುಡಿಸಿಕೊಂಡರೆ ಐದು ಪಟ್ಟು, ಅಂದರೆ 30%. ಅಪ್ರೆಂಟಿಸ್‌ಗಳ ಪಾಲು ಒಟ್ಟು ಕೆಲಸದ ಗಂಟೆಗಳಲ್ಲಿ, 2023ರಲ್ಲಿ ಶುರುವಾದ ಕಾಮಗಾರಿಗೆ 12.5%, ಅದರ ನಂತರದ್ದಕ್ಕೆ 15%. ನಾಲ್ಕು ಅಥವಾ ಹೆಚ್ಚು ಜನರನ್ನು ಇಟ್ಟುಕೊಂಡ ಪ್ರತಿ ಗುತ್ತಿಗೆದಾರನೂ ಕನಿಷ್ಠ ಒಬ್ಬ ಅಪ್ರೆಂಟಿಸ್ ಇಟ್ಟುಕೊಳ್ಳಬೇಕು. ಕೂಲಿ ಕಡಿಮೆ ಕೊಟ್ಟದ್ದು ಸಿಕ್ಕಿಬಿದ್ದರೆ ವ್ಯತ್ಯಾಸವನ್ನು ಬಡ್ಡಿ ಸಮೇತ ಕೊಡುವುದರ ಜತೆಗೆ ಕಾರ್ಮಿಕನೊಬ್ಬನಿಗೆ 5,000 ಡಾಲರ್ ದಂಡ. 1 ಮೆಗಾವ್ಯಾಟ್‌ಗಿಂತ ಚಿಕ್ಕದಕ್ಕೆ ವಿನಾಯಿತಿ ಇತ್ತು. ಮನೆ ಚಾವಣಿಯ ಕೆಲಸದವರಿಗೆ ಈ ರಕ್ಷಣೆ ಸಿಗಲಿಲ್ಲ, ಅದು ಅದರ ದೊಡ್ಡ ತೂತು. 2025ರ ಜುಲೈನಲ್ಲಿ ಬಂದ ಇನ್ನೊಂದು ಕಾನೂನು ಸೌರ ಮತ್ತು ಗಾಳಿಗೆ ಈ ರಿಯಾಯಿತಿ ಸಿಗುವ ಅವಧಿಯನ್ನೇ ಮೊಟಕು ಮಾಡಿತು.

ಆ ಕಾನೂನಿನ ಜಾಣತನ ಒಂದೇ: ಸರ್ಕಾರ ಪ್ರತಿ ಸೈಟಿಗೆ ಇನ್‌ಸ್ಪೆಕ್ಟರ್ ಕಳಿಸಬೇಕಿಲ್ಲ. 24% ಕೈತಪ್ಪುವ ಭಯಕ್ಕೆ ಸಾಲ ಕೊಟ್ಟ ಬ್ಯಾಂಕಿನವರೇ ಕೂಲಿ ಪಟ್ಟಿ ಕೇಳುತ್ತಾರೆ.

ಯಾವ ದೇಶದ ಟೆಂಡರ್ ಆದರೂ ಮೊದಲು ಹುಡುಕಬೇಕಾದ ಸಾಲುಗಳು ಇವು. ಉಪಗುತ್ತಿಗೆ ಎಷ್ಟು ಹಂತದವರೆಗೆ? ಎರಡಕ್ಕಿಂತ ಕೆಳಗೆ ಇಳಿದರೆ ನಡುವಿನವರ ಕಮಿಷನ್ ಎಲ್ಲ ಕೂಲಿಯಿಂದಲೇ ಕಡಿತ. ಕೆಳಗಿನವನು ಕೂಲಿ ಕೊಡದೆ ಓಡಿಹೋದರೆ ಮುಖ್ಯ ಗುತ್ತಿಗೆದಾರ ಹೊಣೆಯೋ? ‘ಹೊಣೆ’ ಅಂತ ಬರೆದಿಲ್ಲ ಅಂದರೆ ಅಲ್ಲ ಅಂತಲೇ ಅರ್ಥ. ಬಿಲ್ ಪಾಸಾಗಲು ಬ್ಯಾಂಕ್ ಮೂಲಕ ಕೂಲಿ ಪಾವತಿಯಾದ ದಾಖಲೆ ಲಗತ್ತಿಸಬೇಕೋ? ಪರೀಕ್ಷಾ ವರದಿಗಳನ್ನು ಹಸ್ತಾಂತರಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೋ, ಬರೀ ‘ಮಾಡತಕ್ಕದ್ದು’ ಅಂತ ಬಿಟ್ಟಿದ್ದಾರೋ? ನಿರ್ವಹಣಾ ಗುತ್ತಿಗೆ ಒಂದು ವರ್ಷದ್ದೋ ಹತ್ತು ವರ್ಷದ್ದೋ? ವರ್ಷ ವರ್ಷ ಮರುಟೆಂಡರ್ ಆಗುವಲ್ಲಿ ಯಾರೂ ತಂತ್ರಜ್ಞನ ತರಬೇತಿಗೆ ಬಿಡಿಗಾಸು ಬಿಚ್ಚುವುದಿಲ್ಲ, ಕಲಿತವನು ಮುಂದಿನ ವರ್ಷ ಇನ್ನೊಬ್ಬನ ಬಳಿ ಇರುತ್ತಾನಲ್ಲ.

ಸಂದೇಹಿ

ತಯಾರಿಕೆ ಬಗ್ಗೆ ಯಾರೂ ಮಾತಾಡ್ತಿಲ್ಲ. ಕಾರ್ಖಾನೆ ಬಂದರೆ ತಾನೇ ಕಾಯಂ ಕೆಲಸ?

ಗ್ರಿಡ್‌ಗಣಿತ

ಯಾವ ಕಾರ್ಖಾನೆ ಅನ್ನುವುದರ ಮೇಲೆ ನಿಂತಿದೆ. ಪಾಲಿಸಿಲಿಕಾನ್, ಇಂಗಾಟ್, ವೇಫರ್, ಸೆಲ್, ಪ್ಯಾನೆಲ್ ಎಲ್ಲ ಹಂತಗಳಲ್ಲೂ ಚೀನಾದ ಪಾಲು 80%ಗೂ ಹೆಚ್ಚು ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲೇ ಹೇಳಿತ್ತು. ಬೇರೆಯವರು ಸಾಮಾನ್ಯವಾಗಿ ಶುರು ಮಾಡುವುದು ಕೊನೆಯ ಹಂತದಿಂದ, ಪ್ಯಾನೆಲ್ ಜೋಡಣೆಯಿಂದ. ಅಲ್ಲಿ ಸೆಲ್‌ಗಳನ್ನು ಬೆಸೆಯುವುದು ಸ್ಟ್ರಿಂಗರ್ ಯಂತ್ರ, ಒತ್ತುವುದು ಲ್ಯಾಮಿನೇಟರ್, ಬಿರುಕು ಹುಡುಕುವುದು ಕ್ಯಾಮೆರಾ. ಮನುಷ್ಯರ ಕೆಲಸ ಯಂತ್ರದ ದುರಸ್ತಿ, ಗುಣಮಟ್ಟ, ಸಾಗಣೆಗೆ ಸೀಮಿತ.

ಟ್ರಾನ್ಸ್‌ಫಾರ್ಮರ್ ಕಾರ್ಖಾನೆ ಇದಕ್ಕೆ ಪೂರ್ತಿ ವಿರುದ್ಧ. ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್‌ನ ಸುರುಳಿ ಸುತ್ತುವುದು ಇಂದಿಗೂ ಬಹುಪಾಲು ಕೈಕೆಲಸ: ಕಾಗದ ಸುತ್ತಿದ ತಾಮ್ರದ ಪಟ್ಟಿ, ನಡುನಡುವೆ ಪ್ರೆಸ್‌ಬೋರ್ಡ್ ಬೆಣೆ, ಲೆಕ್ಕದ ಪ್ರಕಾರ ಪಟ್ಟಿಗಳ ಸ್ಥಾನಪಲ್ಲಟ. ಒಂದು ಕಡೆ ಬೆಣೆ ಸಡಿಲ ಉಳಿದರೆ ಶಾರ್ಟ್ ಸರ್ಕ್ಯೂಟ್ ಬಲಕ್ಕೆ ಸುರುಳಿ ಅಲ್ಲೇ ಕುಸಿಯುತ್ತದೆ. ಒಣಗಿಸುವಾಗ ಕಾಗದದಲ್ಲಿ ತೇವ ಉಳಿದರೆ ಆಯುಸ್ಸು ಅರ್ಧವಾಗುತ್ತದೆ. ನಂಬಿ ಕೈಗೆ ಸುರುಳಿ ಕೊಡಬಹುದಾದ ಕೆಲಸಗಾರ ತಯಾರಾಗಲು ವರ್ಷಗಳೇ ಬೇಕು. ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಎರಡರಿಂದ ನಾಲ್ಕು ವರ್ಷ ಕಾಯಬೇಕಾಗಿರುವುದಕ್ಕೆ ವಿಶೇಷ ಉಕ್ಕಿನ ಅಭಾವದಷ್ಟೇ ಈ ಕೈಗಳ ಅಭಾವವೂ ಕಾರಣ. ಒಂದೇ ಹಣದಲ್ಲಿ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಉದ್ಯೋಗದ ದೃಷ್ಟಿಯಿಂದ ನಾನು ಟ್ರಾನ್ಸ್‌ಫಾರ್ಮರ್, ಕೇಬಲ್, ಸ್ವಿಚ್‌ಗೇರ್ ಕಡೆ ಕೈ ತೋರಿಸುತ್ತೇನೆ. ಉದ್ಘಾಟನೆಯ ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲ, ಅಷ್ಟೇ.

ಎತ್ತರದ_ಕೆಲಸ

ಗಾಳಿಯ ಕಡೆಯಿಂದ. ಸೌರದ ಹಾಗೆ ಇಲ್ಲಿ ಯಾರನ್ನೋ ಕರೆದು ಮೇಲಕ್ಕೆ ಹತ್ತಿಸಲು ಆಗುವುದಿಲ್ಲ. ಗಾಳಿ ಉದ್ಯಮದ ಸಂಸ್ಥೆ ಜಿಡಬ್ಲ್ಯುಒ (ಗ್ಲೋಬಲ್ ವಿಂಡ್ ಆರ್ಗನೈಸೇಷನ್) ರೂಪಿಸಿದ ಮೂಲ ಸುರಕ್ಷತಾ ತರಬೇತಿಯಲ್ಲಿ ಪ್ರಥಮ ಚಿಕಿತ್ಸೆ, ಭಾರ ಎತ್ತುವ ಕ್ರಮ, ಬೆಂಕಿ, ಎತ್ತರದಲ್ಲಿ ಕೆಲಸ, ಸಮುದ್ರದಲ್ಲಾದರೆ ಬದುಕುಳಿಯುವ ಕ್ರಮ, ಇಷ್ಟು ಪಾಠ. 24 ತಿಂಗಳಿಗೆ ಬಹುತೇಕ ಎಲ್ಲದರ ಮರುತರಬೇತಿ. ಸರ್ಟಿಫಿಕೇಟ್ ದೇಶದಾಚೆಗೂ ನಡೆಯುತ್ತದೆ, ಹಾಗಾಗಿ ಸಂಬಳ ಕಡಿಮೆ ಮಾಡಿದರೆ ತಂತ್ರಜ್ಞ ಬೇರೆ ಕಡೆ ಹೋಗುತ್ತಾನೆ. ಚೌಕಾಸಿಯ ಬಲ ಅಲ್ಲಿಂದ ಬರುತ್ತದೆ.

ಗೋಪುರದ ಮೇಲೆ ಇಬ್ಬರಿಗಿಂತ ಕಡಿಮೆ ಜನ ಇರಬಾರದು, ಕೆಳಕ್ಕಿಳಿಸುವ ರಕ್ಷಣಾ ಕಿಟ್ ಜತೆಗೇ ಇರಬೇಕು. ರೆಕ್ಕೆಗಳು ಸೇರುವ ಹಬ್‌ನೊಳಗೆ ಇಳಿಯುವ ಮುನ್ನ ರೋಟರ್ ಲಾಕ್ ಪಿನ್ ಪೂರ್ತಿ ಕೂತಿದೆಯೇ ಅಂತ ಕಣ್ಣಲ್ಲಿ ನೋಡಬೇಕು, ಸ್ಕ್ರೀನಿನ ಸಿಗ್ನಲ್ ನಂಬಿ ಒಳಗೆ ಹೋಗಬಾರದು. ಕಮಿಷನಿಂಗ್ ಆಗಿ ಸುಮಾರು 500 ಗಂಟೆ ಓಡಿದ ಮೇಲೆ ಗೋಪುರದ ಭಾಗಗಳನ್ನು ಸೇರಿಸುವ ಫ್ಲಾಂಜ್ ಬೋಲ್ಟ್‌ಗಳ ಬಿಗಿ ಮರುಪರೀಕ್ಷೆ ವಾಡಿಕೆ. ಬಣ್ಣದ ಪದರ ಮತ್ತು ಮೇಲ್ಮೈ ಒತ್ತಿಕೊಂಡು ಬಿಗಿ ಇಳಿದಿರುತ್ತದೆ. ಹೈಡ್ರಾಲಿಕ್ ಟೆನ್ಷನರ್‌ನ ಮಾಪಕ ಕ್ಯಾಲಿಬ್ರೇಟ್ ಆಗದಿದ್ದರೆ ಆ ದಿನದ ದುಡಿಮೆ ನೀರಲ್ಲಿ ಹೋಮ.

ಜಾಸ್ತಿ ಕೆಲಸ ಹುಟ್ಟುತ್ತಿರುವುದು ರೆಕ್ಕೆ ದುರಸ್ತಿಯಲ್ಲಿ. ರೆಕ್ಕೆಯ ತುದಿ ಸೆಕೆಂಡಿಗೆ 80–90 ಮೀಟರ್ ವೇಗದಲ್ಲಿ ಓಡುವಾಗ ಮಳೆಹನಿ, ಮರಳಿನ ಹೊಡೆತಕ್ಕೆ ಮುಂದಿನ ಅಂಚು ಸವೆಯುತ್ತದೆ. ಹಗ್ಗದಲ್ಲಿ ತೂಗಿಕೊಂಡು ಹಾಳಾದ ಪದರ ಉಜ್ಜಿ ತೆಗೆದು, ಮೂಲದ ಎಳೆ ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಹೊಸ ಗಾಜಿನ ಬಟ್ಟೆ ಕೂರಿಸಿ, ರಾಳ ಮತ್ತು ಗಟ್ಟಿಕಾರಕವನ್ನು ತೂಕಕ್ಕೆ ಸರಿಯಾಗಿ ಬೆರೆಸಬೇಕು. ತೇವಾಂಶ ಮಿತಿ ಮೀರಿದ ದಿನ ಕೆಲಸ ಮಾಡಿದರೆ ಪದರ ಹಿಡಿಯುವುದಿಲ್ಲ, ಕೆಲವೇ ತಿಂಗಳಲ್ಲಿ ಎದ್ದು ಬರುತ್ತದೆ. ಆದ್ದರಿಂದ ಹವಾಮಾನ ಕೆಟ್ಟ ದಿನಗಳಿಗೂ ಕೂಲಿ ಕೊಡುವ ಒಪ್ಪಂದ ಇದೆಯೇ ನೋಡಿ. ಇಲ್ಲದಿದ್ದರೆ ತೇವವಿದ್ದರೂ ರಾಳ ಬಳಿಯುತ್ತಾರೆ, ಯಾರು ತಾನೇ ಖಾಲಿ ಕೈಯಲ್ಲಿ ಕೂರುತ್ತಾರೆ?

ನಿರ್ವಾತ

ಎಲ್ಲರೂ ವಿದ್ಯುತ್ ಉತ್ಪಾದನೆಯನ್ನೇ ನೋಡ್ತಿದ್ದೀರಿ. ಹೂಡಿದ ಹಣದಲ್ಲಿ ಕೂಲಿಯ ಪಾಲು ಅತಿ ಹೆಚ್ಚಿರುವುದು ಕಟ್ಟಡಗಳ ದುರಸ್ತಿಯಲ್ಲಿ: ಶಾಖ ತಡೆಯುವ ಹೊದಿಕೆ, ಸೋರಿಕೆ ಮುಚ್ಚುವುದು, ಹೀಟ್ ಪಂಪ್. ಕಟ್ಟಡವನ್ನು ಹಡಗಿಗೆ ತುಂಬಿ ಬೇರೆ ದೇಶಕ್ಕೆ ಕಳಿಸಿ ರಿಪೇರಿ ಮಾಡಿಸಿ ತರಲು ಆಗುವುದಿಲ್ಲವಲ್ಲ.

ಕೆಲಸದ ಕ್ರಮ ಹೀಗೆ. ಬಾಗಿಲಿಗೆ ಫ್ಯಾನ್ ಕೂರಿಸಿ 50 ಪಾಸ್ಕಲ್ ಒತ್ತಡ ವ್ಯತ್ಯಾಸದಲ್ಲಿ ಗಾಳಿ ಎಷ್ಟು ಸೋರುತ್ತದೆ ಅಂತ ಅಳೆ. ಸೋರುವ ಜಾಗ ಮೊದಲು ಮುಚ್ಚು, ಆಮೇಲೆ ಹೊದಿಕೆ. ಉಲ್ಟಾ ಮಾಡಿದರೆ ಹೊದಿಕೆಯೊಳಗೇ ತೇವದ ಗಾಳಿ ನುಗ್ಗಿ ನೀರಾಗುತ್ತದೆ. ಬಿಗಿ ಮಾಡಿದ ಮೇಲೆ ವಾತಾಯನಕ್ಕೆ ವ್ಯವಸ್ಥೆ ಮಾಡದೆ ಬಿಟ್ಟರೆ ಗೋಡೆಗೆ ಬೂಷ್ಟು. ಕೊನೆಗೆ ಶಾಖದ ಬೇಡಿಕೆಯನ್ನು ಕೋಣೆ ಕೋಣೆಗೂ ಲೆಕ್ಕ ಹಾಕಿ ಹೀಟ್ ಪಂಪ್ ಆರಿಸು. ‘ಇರಲಿ, ದೊಡ್ಡದೇ ಹಾಕೋಣ’ ಅಂದರೆ ಅದು ನಿಮಿಷ ನಿಮಿಷಕ್ಕೆ ಆನ್-ಆಫ್ ಆಗಿ ಕಂಪ್ರೆಸರ್ ಬೇಗ ಸಾಯುತ್ತದೆ.

ಪೈಪ್ ಬೆಸೆಯುವಾಗ ಒಳಗೆ ನೈಟ್ರೋಜನ್ ಹರಿಸದಿದ್ದರೆ ತಾಮ್ರದ ಕಪ್ಪು ಪೊರೆ ಕಟ್ಟಿ, ಅದು ಉದುರಿ ವಿಸ್ತರಣಾ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಒತ್ತಡ ಪರೀಕ್ಷೆ ಆದ ಮೇಲೆ ಪೈಪಿನೊಳಗಿನ ಒತ್ತಡವನ್ನು ನಿರ್ವಾತ ಪಂಪ್‌ನಿಂದ 500 ಮೈಕ್ರಾನ್ (ನಿರ್ವಾತ ಅಳೆಯುವ ಮಾನ) ಕೆಳಗೆ ಇಳಿಸಿ, ಪಂಪ್ ಬಂದ್ ಮಾಡಿ, ಮುಳ್ಳು ಏರುತ್ತದೆಯೇ ಅಂತ ಕಾಯಬೇಕು. ಏರಿ ಒಂದು ಕಡೆ ನಿಂತರೆ ತೇವ, ಏರುತ್ತಲೇ ಹೋದರೆ ಸೋರಿಕೆ. ಈಗ ಹೀಟ್ ಪಂಪ್‌ನೊಳಗೆ ಹರಿಯುವ ಅನಿಲವಾಗಿ ಆರ್290, ಅಂದರೆ ಪ್ರೊಪೇನ್, ಬರುತ್ತಿದೆ; ಹೊತ್ತಿಕೊಳ್ಳುವ ಅನಿಲ. ಲೈಸೆನ್ಸ್ ಇಲ್ಲದವರು ಮುಟ್ಟುವಂತಿಲ್ಲ ಅನ್ನುವ ನಿಯಮ ಬಂದರೆ ಕೂಲಿ ದರವೂ ತಾನಾಗಿ ಏರುತ್ತದೆ.

ಗ್ರಿಡ್‌ಗಣಿತ

ನಿರ್ವಾತ ಹೇಳಿದ್ದಕ್ಕೆ ಒಂದು ಎಚ್ಚರಿಕೆ. ಇಂಥ ಕೆಲಸಗಳು ಸಬ್ಸಿಡಿಯ ಉಬ್ಬರವಿಳಿತಕ್ಕೆ ಬಹಳ ಬೇಗ ಸಿಕ್ಕುತ್ತವೆ. ಸ್ಪೇನ್ 2008ರಲ್ಲಿ ಒಂದೇ ವರ್ಷ 2.5 ಗಿಗಾವ್ಯಾಟ್‌ಗೂ ಹೆಚ್ಚು ಸೌರ ಹಾಕಿತು, ಕಾರಣ ಆ ಸೆಪ್ಟೆಂಬರ್‌ಗೆ ಸೌರ ವಿದ್ಯುತ್ತಿಗೆ ಸಿಗುತ್ತಿದ್ದ ಹಳೆಯ ಉದಾರ ದರದ ಗಡುವು ಮುಗಿಯುತ್ತಿತ್ತು. ಮುಂದಿನ ವರ್ಷಕ್ಕೆ ಸುಮಾರು 500 ಮೆಗಾವ್ಯಾಟ್ ಮಿತಿ ಹಾಕಿದರು, ಹೊಸ ಅಳವಡಿಕೆ ನೆಲಕಚ್ಚಿತು. ಜರ್ಮನಿ 2010ರಿಂದ 2012ರವರೆಗೆ ವರ್ಷಕ್ಕೆ 7 ಗಿಗಾವ್ಯಾಟ್‌ಗಿಂತ ಹೆಚ್ಚು ಹಾಕುತ್ತಿತ್ತು. 2014ಕ್ಕೆ 2 ಗಿಗಾವ್ಯಾಟ್ ಆಸುಪಾಸಿಗೆ ಇಳಿಯಿತು. ಗಡುವಿಗೆ ಓಡುವಾಗ ಕೈಗೆ ಸಿಕ್ಕವರನ್ನೆಲ್ಲ ಚಾವಣಿ ಹತ್ತಿಸುತ್ತಾರೆ, ಗಡುವು ಮುಗಿದ ಮೇಲೆ ಕಲಿತವರೇ ವೃತ್ತಿ ಬಿಡುತ್ತಾರೆ. ವರ್ಷಕ್ಕೆ 1 ಗಿಗಾವ್ಯಾಟ್‌ನಂತೆ ಹತ್ತು ವರ್ಷ ಹಾಕುವುದು, ಎರಡೇ ವರ್ಷದಲ್ಲಿ 10 ಗಿಗಾವ್ಯಾಟ್ ಹಾಕುವುದು, ಉದ್ಯೋಗ-ವರ್ಷದ ಲೆಕ್ಕದಲ್ಲಿ ಎರಡೂ ಒಂದೇ. ವೃತ್ತಿ ಕಟ್ಟಿಕೊಳ್ಳಲು ಸಾಧ್ಯವಾಗುವುದು ಮೊದಲನೆಯದರಲ್ಲಿ.

ಹಳೇಬಾಯ್ಲರ್

ಕಲ್ಲಿದ್ದಲಿನವರ ಗತಿ ಏನು ಅನ್ನುವುದು ಬಿಟ್ಟುಹೋಗಿದೆ. ‘ಮರುತರಬೇತಿ’ ಅಂದುಬಿಟ್ಟರೆ ಮುಗಿಯುವುದಿಲ್ಲ, ಹುದ್ದೆ ಹುದ್ದೆಗೂ ಬೇರೆ. ಸ್ವಿಚ್‌ಯಾರ್ಡ್, ರಿಲೇ, ಇನ್‌ಸ್ಟ್ರುಮೆಂಟೇಷನ್ ಮಾಡುವವರು ಬ್ಯಾಟರಿ ಅಥವಾ ಸೌರ ಸ್ಥಾವರದ ಸಬ್‌ಸ್ಟೇಷನ್‌ಗೆ ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತಾರೆ. ಅಧಿಕ ಒತ್ತಡದ ಪೈಪ್ ವೆಲ್ಡರ್‌ಗಳಿಗೆ ಭೂಶಾಖ ಸ್ಥಾವರ, ಕೇಂದ್ರೀಯ ಶಾಖ ಜಾಲಗಳಲ್ಲಿ ಕೆಲಸ ಇದೆ. ಕಷ್ಟ ಇರುವುದು ಕಲ್ಲಿದ್ದಲು ಸಾಗಣೆ, ಬೂದಿ ವಿಲೇವಾರಿ ಮಾಡುವ ಗುತ್ತಿಗೆ ಕಾರ್ಮಿಕರಿಗೆ. ಅವರ ಹೆಸರು ಸ್ಥಾವರದ ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ, ಪರಿಹಾರದ ಪಟ್ಟಿಗೆ ಬರುವುದೂ ಇಲ್ಲ. ಸ್ಥಾವರ ಮುಚ್ಚುವ ದಿನಾಂಕ ಘೋಷಿಸುವ ಮೊದಲೇ ಉಪಗುತ್ತಿಗೆಯವರ ಎಣಿಕೆ ಆಗಬೇಕು.

ಕಾಲಾವಕಾಶ ಕೊಟ್ಟರೆ ಆಗುತ್ತದೆ ಅನ್ನುವುದಕ್ಕೆ ಜರ್ಮನಿಯ ಗಟ್ಟಿ ಕಲ್ಲಿದ್ದಲು ಉದಾಹರಣೆ. ಗಣಿಗಾರಿಕೆ ನಿಲ್ಲಿಸುವ ನಿರ್ಧಾರ 2007ರಲ್ಲಿ, ಕೊನೆಯ ಗಣಿ ಬೊಟ್ರೋಪ್‌ನ ಪ್ರಾಸ್ಪರ್-ಹಾನಿಯಲ್ ಮುಚ್ಚಿದ್ದು 2018ರ ಡಿಸೆಂಬರ್ 21ಕ್ಕೆ. ಹನ್ನೊಂದು ವರ್ಷದಲ್ಲಿ ಮುಂಚಿತ ನಿವೃತ್ತಿ, ವರ್ಗಾವಣೆ, ಮರುತರಬೇತಿಗಳಲ್ಲೇ ಸಂಭಾಳಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಪೇನ್ ಕಾರ್ಮಿಕ ಸಂಘಗಳ ಜತೆ 25 ಕೋಟಿ ಯೂರೋ ಒಪ್ಪಂದ ಮಾಡಿಕೊಂಡಿತು: 48 ದಾಟಿದ ಗಣಿ ಕಾರ್ಮಿಕರಿಗೆ ಮುಂಚಿತ ನಿವೃತ್ತಿ, ಉಳಿದವರಿಗೆ ಗಣಿ ಭೂಮಿಯ ಪುನಶ್ಚೇತನದಲ್ಲಿ ಕೆಲಸ ಮತ್ತು ಹೊಸ ತರಬೇತಿ.

ಹಳೆಯ ಸ್ಥಾವರದ ನಿಜವಾದ ಆಸ್ತಿ ಅದರ ಗ್ರಿಡ್ ಸಂಪರ್ಕ. ಅಲ್ಲೇ ಬ್ಯಾಟರಿ ಕೂರಿಸಬಹುದು. ಜನರೇಟರನ್ನು ಸಿಂಕ್ರೊನಸ್ ಕಂಡೆನ್ಸರ್ ಆಗಿ, ಅಂದರೆ ಇಂಧನ ಉರಿಸದೆ ಗ್ರಿಡ್‌ಗೆ ಜೋಡಿಸಿ ಸುಮ್ಮನೆ ತಿರುಗುವ ಯಂತ್ರವಾಗಿ ಮಾರ್ಪಡಿಸಿ ವೋಲ್ಟೇಜ್ ಸ್ಥಿರತೆಗೆ ಬಳಸಬಹುದು, ಜರ್ಮನಿಯ ಬಿಬ್ಲಿಸ್ ಅಣುಸ್ಥಾವರದ ಜನರೇಟರನ್ನು 2012ರಲ್ಲಿ ಹೀಗೆಯೇ ಮಾಡಿದರು. ಆದರೆ ಇವು ಬೆರಳೆಣಿಕೆಯ ಹುದ್ದೆ. ನೂರಾರು ಜನರನ್ನು ಇದರಲ್ಲಿ ತುಂಬಿಸುತ್ತೇವೆ ಅಂದವರನ್ನು ನಂಬಬೇಡಿ.

ಹೊಸ_ಅಪ್ರೆಂಟಿಸ್

ತರಬೇತಿ ಕೇಂದ್ರ ಶುರು ಮಾಡುವವರಿಗೆ ಪ್ರಶ್ನೆ ಕೇಳಬಹುದಾ? ಸೌರ ತಂತ್ರಜ್ಞರ 20 ಜನರ ಬ್ಯಾಚ್‌ಗೆ ಕನಿಷ್ಠ ಏನೇನು ಬೇಕು?

ಡಿಸಿ_ಬದಿ

ಪ್ರೊಜೆಕ್ಟರ್ ಆಮೇಲೆ ತಗೊಳ್ಳಿ. ನೆಲಮಟ್ಟದಲ್ಲಿ ಇಳಿಜಾರು ಚಾವಣಿಯ ಅಣಕು ಎರಡು, ಒಂದೊಂದರಲ್ಲಿ 8–10 ಪ್ಯಾನೆಲ್ ಕಟ್ಟಿ ಬಿಚ್ಚುವ ಹಾಗೆ. ಹಳೆಯ ಪ್ಯಾನೆಲ್ ನಡೆಯುತ್ತದೆ. ಐದು ಕ್ರಿಂಪಿಂಗ್ ಟೂಲ್, ನಾಲ್ವರಿಗೆ ಒಂದು. ಒಬ್ಬೊಬ್ಬರಿಗೆ ಕನಿಷ್ಠ 50 ಜೋಡಿ ಕನೆಕ್ಟರ್ ಹಾಳು ಮಾಡಲು ಕೊಡಿ, ಅಂದರೆ ಬ್ಯಾಚ್‌ಗೆ 1,000 ಜೋಡಿ. ಕ್ರಿಂಪ್ ಮಾಡಿದ್ದನ್ನು ಎಳೆದು, ಅಡ್ಡ ಕತ್ತರಿಸಿ ಎಳೆಗಳ ನಡುವೆ ಸಂದು ಉಳಿದಿದೆಯೇ ತೋರಿಸಬೇಕು. ಕ್ಯಾಲಿಬ್ರೇಟ್ ಆದ ಟಾರ್ಕ್ ರೆಂಚ್ ನಾಲ್ಕು, 1,500 ವೋಲ್ಟ್ ಡಿಸಿ ದರ್ಜೆಯ ಮೀಟರ್, ಇನ್ಸುಲೇಶನ್ ಟೆಸ್ಟರ್, ಥರ್ಮಲ್ ಕ್ಯಾಮೆರಾ ಒಂದು. ಬೀಳದಂತೆ ಕಟ್ಟುವ ಹಾರ್ನೆಸ್ 10.

ಲಾಕ್‌ಔಟ್, ಅಂದರೆ ಕೆಲಸಕ್ಕೆ ಮುನ್ನ ಕರೆಂಟ್ ಕಡಿದು ಬೀಗ ಹಾಕುವ ಪಾಠವನ್ನು ಮೊದಲ ವಾರವೇ ಇಡಿ. ಇನ್ವರ್ಟರ್ ನಿಲ್ಲಿಸು, ಎಸಿ ಸ್ವಿಚ್ ಆಫ್ ಮಾಡು, ಡಿಸಿ ಸ್ವಿಚ್ ಆಫ್ ಮಾಡು, ಬೀಗ ಹಾಕಿ ಕೀಲಿ ಜೇಬಿಗೆ, ಕೆಪಾಸಿಟರ್ ಇಳಿಯಲು ತಯಾರಕರು ಹೇಳಿದಷ್ಟು ನಿಮಿಷ ಕಾಯಿ. ಆಮೇಲೆ ಮೀಟರನ್ನು ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಹಿಡಿದು ನೋಡು, ಕೆಲಸ ಮಾಡುವ ಕಡೆ ಹಿಡಿ, ಮತ್ತೆ ಗೊತ್ತಿರುವ ಕಡೆ ಹಿಡಿ. ನಡುವೆ ಮೀಟರೇ ಕೆಟ್ಟಿದ್ದರೆ ಸೊನ್ನೆ ತೋರಿಸಿ ಮೋಸ ಮಾಡುತ್ತದೆ. ಇಷ್ಟೆಲ್ಲ ಮಾಡಿದರೂ ಬಿಸಿಲಿರುವವರೆಗೆ ಪ್ಯಾನೆಲ್ ಕಡೆಯ ತಂತಿ ಜೀವಂತ ಅನ್ನುವುದನ್ನು ದಿನಾ ಹೇಳಿ.

ಟೆಂಡರ್_ಓದುಗ

ಜತೆಗೆ ಪ್ರತಿಯೊಬ್ಬರಿಗೂ ಕೆಲಸದ ದಿನಚರಿ ಪುಸ್ತಕ ಕೊಡಿ: ದಿನಾಂಕ, ಸೈಟ್, ಯಾವ ಕೆಲಸ, ಎಷ್ಟು ಗಂಟೆ, ಮೇಲ್ವಿಚಾರಕರ ಸಹಿ. ಅಪ್ರೆಂಟಿಸ್ ಗಂಟೆಗಳ ಷರತ್ತು ಇರುವ ಯಾವ ಟೆಂಡರ್‌ಗೂ ಗುತ್ತಿಗೆದಾರ ಲಗತ್ತಿಸಬೇಕಾದ ಪುರಾವೆ ಅದೇ. ಮೂಲ ಪ್ರತಿ ಕಾರ್ಮಿಕನ ಹತ್ತಿರ ಇರಲಿ, ಗುತ್ತಿಗೆದಾರನಿಗೆ ಜೆರಾಕ್ಸ್ ಸಾಕು. ಮೂಲ ಪ್ರತಿ ಕಂಪನಿಯ ಕಪಾಟಿಗೆ ಸೇರಿದರೆ ಬೇರೆ ಕಡೆ ಕೆಲಸ ಕೇಳಲು ಹೋದಾಗ ಅದು ಕೈಗೆ ಸಿಗುವುದಿಲ್ಲ.